ಅಂಗೈ ಗೆರೆ ಕಂಡ ಮೇಲೆ ಮಾತಂಗ ಹತ್ತಿ

ಹಂಪಿಗೆ ಹೊರಟವರಿಗೆ ಆಟೋದವರು, ಲಾಡ್ಜಿನವರು, ಹೋದ ವರ್ಷ ಬಂದುಹೋದ ಗೆಳೆಯರು ಎಲ್ಲರೂ ಕೊಡುವ ಸಲಹೆ ಒಂದೇ: ‘ಐದು ಗಂಟೆಗೇ ಎದ್ದು ಮಾತಂಗ ಬೆಟ್ಟ ಹತ್ತಿ, ಸೂರ್ಯ ಹುಟ್ಟುವುದನ್ನು ಅಲ್ಲಿಂದ ನೋಡಬೇಕು.’ ನೋಡಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಸಲ ಬಂದವರು ಈ ಬೆಟ್ಟವನ್ನು ಕತ್ತಲಲ್ಲಿ ಹತ್ತಬಾರದು. ಹೊಸಪೇಟೆಯಲ್ಲಿ ಬೆಳೆದು, ಮನೆಗೆ ನೆಂಟರು ಬಂದಾಗಲೆಲ್ಲ ಅವರನ್ನು ಕರೆದುಕೊಂಡು ಇಲ್ಲಿ ಹತ್ತಿ ಇಳಿದ ನನಗೆ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಬಂದ ಮಾತಿದು. ಅಂಗೈ ಗೆರೆ ಕಾಣುವಷ್ಟು ಬೆಳಕು ಹರಿಯಲಿ, ಆಮೇಲೆ ಮೊದಲ ಪಾವಟಿಗೆಯ ಮೇಲೆ ಕಾಲಿಡಿ.

ಲೆಕ್ಕ ಹಾಕಿ ನೋಡಿ. ಡಿಸೆಂಬರ್–ಜನವರಿಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.35ರಿಂದ 6.55ರ ನಡುವೆ. ಅದಕ್ಕೆ ಇಪ್ಪತ್ತು ನಿಮಿಷ ಮುಂಚೆಯೇ ಕಲ್ಲು ಯಾವುದು, ನೆರಳು ಯಾವುದು ಎಂದು ಕಣ್ಣಿಗೆ ತಿಳಿಯತೊಡಗುತ್ತದೆ. ಆಗ ಹೊರಟರೆ ಸಾಮಾನ್ಯ ನಡಿಗೆಯವರು ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ನೆತ್ತಿ ಮುಟ್ಟುತ್ತಾರೆ. ಸೂರ್ಯ ಅಷ್ಟರಲ್ಲಿ ಒಂದು ಮೊಳ ಮೇಲೆ ಬಂದಿರುತ್ತಾನೆ. ಕಳೆದುಕೊಂಡದ್ದು ಹತ್ತು ನಿಮಿಷದ ಕೆಂಪು. ಅದರ ಬದಲಿಗೆ ಬಾಳೆತೋಟಗಳ ಮೇಲೆ ಮಂಜು ಕರಗುವುದು, ಗುಂಡುಗಳ ನೆರಳು ಒಂದರ ಮೇಲೊಂದು ಉದ್ದಕ್ಕೆ ಬೀಳುವುದು, ಅಚ್ಯುತರಾಯ ದೇಗುಲದ ಪ್ರಾಕಾರಕ್ಕೆ ಒಂದೊಂದೇ ಕಡೆಯಿಂದ ಬಿಸಿಲು ಇಳಿಯುವುದು, ಇವೆಲ್ಲ ಎಂಟು ಗಂಟೆಯವರೆಗೂ ನಡೆಯುತ್ತಲೇ ಇರುತ್ತವೆ. ಹಂಪಿಯ ನಿಜವಾದ ನೋಟ ಅದೇ ಎಂಬುದು ನನ್ನ ಅಭಿಪ್ರಾಯ.

ಸಂಜೆಯ ಸೂರ್ಯಾಸ್ತಕ್ಕೆ ಹತ್ತುವವರಿಗೂ ಇದೇ ಮಾತು, ಇನ್ನಷ್ಟು ಒತ್ತಿ. ಬೆಳಿಗ್ಗೆ ಕತ್ತಲಲ್ಲಿ ಹತ್ತಿದವರು ಬೆಳಕಿನಲ್ಲಾದರೂ ಇಳಿಯುತ್ತಾರೆ. ಸಂಜೆಯವರು ಬೆಳಕಿನಲ್ಲಿ ಹತ್ತಿ ಕತ್ತಲಲ್ಲಿ ಇಳಿಯುತ್ತಾರೆ. ಬಂಡೆಯ ಮೇಲೆ ಕಾಲು ಜಾರುವುದು ಹತ್ತುವಾಗ ಕಡಿಮೆ, ಇಳಿಯುವಾಗ ಹೆಚ್ಚು.

ಬಂಡೆಯನ್ನು ಓದುವುದು

ಮಾತಂಗ ಎತ್ತರದ ಬೆಟ್ಟವೇನಲ್ಲ. ಕುದುರೆಮುಖವನ್ನೋ ಕುಮಾರಪರ್ವತವನ್ನೋ ಹತ್ತಿದವರಿಗೆ ಇದು ಗುಡ್ಡ ಅನ್ನಿಸೀತು. ಆದರೆ ಮಲೆನಾಡಿನ ಬೆಟ್ಟದಲ್ಲಿ ಕಾಲಿನ ಕೆಳಗೆ ಮಣ್ಣಿರುತ್ತದೆ, ಬೇರು ಇರುತ್ತದೆ, ಕೈಗೆ ಗಿಡ ಸಿಗುತ್ತದೆ. ಇಲ್ಲಿರುವುದು ಬೋಳು ಬಂಡೆ. ಪಾವಟಿಗೆ ಮುಗಿದ ಕಡೆ ಹಾಸುಬಂಡೆ, ಹಾಸುಬಂಡೆ ಮುಗಿದ ಕಡೆ ಎರಡು ಗುಂಡುಗಳ ನಡುವಿನ ಸಂದು, ಅದನ್ನು ದಾಟಿದರೆ ಒಂದು ಪಕ್ಕ ತೆರೆದ ಅಂಚು. ಹಿಡಿಯಲು ಕಂಬಿಯಿಲ್ಲ, ತಡೆಗೋಡೆಯಿಲ್ಲ.

ಈ ಕಲ್ಲಿಗೆ ಭೂವಿಜ್ಞಾನಿಗಳು ಕೊಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ರಾಮನಗರದ ಬಂಡೆಗಳಿಗೂ ಹಂಪಿಯ ಬಂಡೆಗಳಿಗೂ ಒಂದೇ ಕುಲ. ನೆಲದಾಳದಲ್ಲಿ ಶಿಲಾಪಾಕ ತಣ್ಣಗಾಗಿ ಗಟ್ಟಿಯಾದದ್ದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಆಮೇಲೆ ಮೇಲಿನ ಹೊದಿಕೆ ಸವೆದುಹೋಗಿ, ಒತ್ತಡ ಇಳಿದು, ಬಂಡೆಯಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳು ಬಿದ್ದವು. ಸೀಳುಗಳೊಳಗೆ ನೀರು ಇಳಿದು ಮೂಲೆಗಳನ್ನು ತಿನ್ನುತ್ತ ಬಂದಿತು. ಚೌಕ ತುಂಡುಗಳು ದುಂಡಗಾದವು. ಯಾರೋ ದೈತ್ಯರು ಪೇರಿಸಿಟ್ಟಂತೆ ಕಾಣುವ ಈ ಗುಂಡುಗಳನ್ನು ಯಾರೂ ತಂದಿಟ್ಟಿಲ್ಲ, ಅವು ಇದ್ದಲ್ಲೇ ಸವೆದು ಉಳಿದವು.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಬಂಡೆ ಹೇಗೆ ಸವೆಯುತ್ತದೆ ಎಂಬುದು ಗೊತ್ತಿದ್ದರೆ ಕಾಲು ಎಲ್ಲಿಡಬೇಕೆಂಬುದೂ ಗೊತ್ತಾಗುತ್ತದೆ. ಗ್ರಾನೈಟ್ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಹಾಸುಬಂಡೆಯ ಮೇಲೆ ಅಂಗುಲ ದಪ್ಪದ ಹಲ್ಲೆಗಳು ಅಂಟಿಕೊಂಡಂತೆ ಕಾಣುತ್ತವೆ. ಕಾಲಿಂದ ಮೆಲ್ಲಗೆ ತಟ್ಟಿ ನೋಡಿ, ಟೊಳ್ಳು ಸದ್ದು ಬಂದರೆ ಅದರ ಮೇಲೆ ಭಾರ ಹಾಕಬೇಡಿ. ಸವೆದು ಉದುರಿದ ಹರಳುಗಳೇ ಗರಸಾಗಿ ಇಳಿಜಾರಿನ ಮೇಲೆ ಹರಡಿಕೊಂಡಿರುತ್ತವೆ. ಹಾಸುಬಂಡೆಯ ಮೇಲೆ ಚೆಲ್ಲಿದ ಒಂದು ಹಿಡಿ ಗರಸು ರಾಗಿಕಾಳಿನ ಮೇಲೆ ಕಾಲಿಟ್ಟಷ್ಟೇ ಅಪಾಯದ್ದು. ಅದನ್ನು ದಾಟಿ ಬರಿಗಲ್ಲಿನ ಮೇಲೆ ಹೆಜ್ಜೆ ಇಡಿ, ಇಲ್ಲವೇ ಬೂಟಿನ ತುದಿಯಿಂದ ಪಕ್ಕಕ್ಕೆ ಸರಿಸಿ.

ಬಣ್ಣವನ್ನೂ ನೋಡಿ. ಮೇಲಿನಿಂದ ಕೆಳಕ್ಕೆ ಇಳಿದ ಕಪ್ಪು ಪಟ್ಟೆಗಳು ಮಳೆನೀರು ಹರಿಯುವ ದಾರಿ. ಒಣಗಿದ್ದಾಗ ಅವು ಏನೂ ಮಾಡುವುದಿಲ್ಲ. ನಾಲ್ಕು ಹನಿ ಬಿದ್ದರೂ ಸಾಕು, ಒಣಗಿದ ಪಾಚಿ ಜೀವ ತಳೆದು ಸಾಬೂನಿನಂತಾಗುತ್ತದೆ. ಜನ ನಡೆದೂ ನಡೆದೂ ನುಣುಪಾದ ಜಾಡು ಬೆಳ್ಳಗೆ ಹೊಳೆಯುತ್ತದೆ. ದಾರಿ ತಪ್ಪದಿರಲು ಅದೇ ಗುರುತು, ಆದರೆ ಕಾಲಿಗೆ ಹಿಡಿತ ಸಿಗುವುದು ಅದರ ಪಕ್ಕದ ಒರಟು ಕಲ್ಲಿನ ಮೇಲೆ.

ಇಳಿಜಾರು ಬಂಡೆಯನ್ನು ಹತ್ತುವಾಗ ಭಯದಿಂದ ಮುಂದಕ್ಕೆ ಬಾಗಿ ಕೈಯೂರುವುದು ಎಲ್ಲರ ಅಭ್ಯಾಸ. ಹಾಗೆ ಬಾಗಿದಷ್ಟೂ ಪಾದದ ಮೇಲಿನ ಭಾರ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಬೆನ್ನು ನೇರ ಇರಲಿ, ಅಂಗಾಲು ಪೂರ್ತಿ ಕಲ್ಲಿಗೆ ತಾಗಲಿ, ಹೆಜ್ಜೆ ಗಿಡ್ಡವಾಗಿರಲಿ. ಇಳಿಯುವಾಗ ಮೊಣಕಾಲು ತುಸು ಮಡಿಸಿ, ದೇಹವನ್ನು ಅರ್ಧ ಪಕ್ಕಕ್ಕೆ ತಿರುಗಿಸಿ. ತೀರಾ ಕಡಿದಾದ ಎರಡು ಮೂರು ಕಡೆ ಕುಳಿತು ಜರುಗಿದರೆ ತಪ್ಪೇನಿಲ್ಲ. ಇಲ್ಲಿನ ಕುರಿಗಾಹಿಗಳು ಇಳಿಯುವುದನ್ನು ಗಮನಿಸಿ ನೋಡಿ. ಅವರು ಓಡಿದಂತೆ ಕಾಣುತ್ತದೆ, ಆದರೆ ಒಂದು ಕಾಲು ಊರಿ ನಿಲ್ಲುವ ತನಕ ಇನ್ನೊಂದನ್ನು ಎತ್ತುವುದೇ ಇಲ್ಲ.

ಯಾವ ದಾರಿ?

ಬೆಟ್ಟಕ್ಕೆ ಒಂದಕ್ಕಿಂತ ಹೆಚ್ಚು ದಾರಿಗಳಿವೆ, ಗೊಂದಲವಾಗುವುದೂ ಅದರಿಂದಲೇ. ಕಮಲಾಪುರದ ಕಡೆಯಿಂದ ಹಂಪಿಗೆ ಬರುವ ರಸ್ತೆಯಲ್ಲಿ ಬಲಕ್ಕೆ ಹೊರಳಿ, ತೋಟಗಳ ನಡುವೆ ಕಾಲುವೆ ದಾಟಿ ಹೋಗುವುದು ಒಂದು. ಆ ಕಾಲುವೆ ವಿಜಯನಗರದ ಅರಸರ ಕಾಲದ ತುರ್ತು ಕಾಲುವೆ. ಇವತ್ತಿಗೂ ಅದೇ ನೀರಿನಿಂದ ಇಲ್ಲಿನ ಬಾಳೆ, ಕಬ್ಬು, ಭತ್ತ ಬೆಳೆಯುತ್ತವೆ. ಈ ಕಡೆಯಿಂದ ಬೆಟ್ಟದ ಬಹುಭಾಗ ಕಲ್ಲುಚಪ್ಪಡಿಯ ಪಾವಟಿಗೆಗಳಿವೆ. ಹಳೆಯವು, ಎತ್ತರ ಒಂದರಂತೆ ಒಂದಿಲ್ಲ, ಕೆಲವು ಅಲುಗಾಡುತ್ತವೆ, ಆದರೂ ಪಾವಟಿಗೆ ಪಾವಟಿಗೆಯೇ. ಮಕ್ಕಳು ಜೊತೆಗಿದ್ದರೆ, ನಡುವಯಸ್ಸು ದಾಟಿದವರಿದ್ದರೆ, ಮೊದಲ ಸಲದವರಾದರೆ ಹತ್ತುವುದಕ್ಕೂ ಇಳಿಯುವುದಕ್ಕೂ ಇದೇ ದಾರಿ. ‘ವೀರಭದ್ರನ ಗುಡಿಗೆ ಪಾವಟಿಗೆ ಎಲ್ಲಿ?’ ಎಂದು ತೋಟದಲ್ಲಿರುವ ಯಾರನ್ನು ಕೇಳಿದರೂ ತೋರಿಸುತ್ತಾರೆ.

ಇನ್ನೊಂದು, ವಿರೂಪಾಕ್ಷ ಬಜಾರಿನ ತುದಿಯಲ್ಲಿ ಕುಳಿತಿರುವ ಎದುರು ಬಸವಣ್ಣನ ಹಿಂದಿನಿಂದ. ಅಲ್ಲಿಂದ ಮೇಲೇರುವ ಮೆಟ್ಟಿಲುಗಳು ಅಚ್ಯುತರಾಯ ದೇಗುಲಕ್ಕೆ ಇಳಿಯುವ ದಾರಿಯವು. ನಡುವೆ ಬಲಕ್ಕೆ ಕವಲೊಡೆದದ್ದು ಮಾತಂಗದ್ದು. ಹತ್ತಿರದ ದಾರಿ, ಕಡಿದಾದದ್ದೂ ಹೌದು. ಅಂಚು, ಸಂದು, ಹಾಸುಬಂಡೆ ಎಲ್ಲವೂ ಇಲ್ಲೇ ಹೆಚ್ಚು. ಬಂಡೆಯ ರುಚಿ ಹತ್ತಿದವರು, ಕೈಕಾಲು ಗಟ್ಟಿ ಇರುವವರು ಎರಡನೆಯ ಸಲ ಬಂದಾಗ ಇದನ್ನು ಹತ್ತಲಿ. ಇಳಿಯುವುದಕ್ಕೆ ಮಾತ್ರ ಆಗಲೂ ಪಾವಟಿಗೆಯ ದಾರಿಯನ್ನೇ ಹಿಡಿಯಲಿ. ಅಚ್ಯುತರಾಯ ದೇಗುಲದ ಕಡೆಯಿಂದಲೂ ಹತ್ತುವವರಿದ್ದಾರೆ. ದಾರಿ ಬಲ್ಲವರು ಜೊತೆಗಿಲ್ಲದೆ ಅದನ್ನು ಹಿಡಿಯಬೇಡಿ. ಎಲ್ಲಾದರೂ ಜಾಡು ತಪ್ಪಿತು ಎನಿಸಿದರೆ ‘ಮೇಲೆ ಹೋದರೆ ಸಿಕ್ಕೀತು’ ಎಂದು ಗುಂಡು ಹತ್ತಬೇಡಿ. ಕೊನೆಯ ಸಲ ಜಾಡು ಸ್ಪಷ್ಟವಾಗಿ ಕಂಡ ಜಾಗಕ್ಕೆ ವಾಪಸು ಬನ್ನಿ. ಹತ್ತಿದ ಗುಂಡನ್ನು ಇಳಿಯಲಾಗದೆ ನಿಂತವರನ್ನು ಕೈಹಿಡಿದು ಇಳಿಸಿಕೊಂಡದ್ದು ನನಗೇ ಒಂದೆರಡು ಸಲ ಉಂಟು.

ದಾರಿಯ ಪಕ್ಕದ ಕೆಲವು ಬಂಡೆಗಳಲ್ಲಿ ಹೊಲಿಗೆ ಹಾಕಿದಂತೆ ಚೌಕ ಕುಳಿಗಳ ಸಾಲು ಕಾಣುತ್ತದೆ. ಅವು ಬೆಣೆ ಹೊಡೆದು ಕಲ್ಲು ಸೀಳಿದ ಗುರುತು. ಕೆಳಗೆ ಕಾಣುವ ಕಂಬ, ತೊಲೆ, ಚಪ್ಪಡಿಗಳೆಲ್ಲ ಇಂಥ ಬಂಡೆಗಳಿಂದಲೇ ಎದ್ದು ಹೋದವು. ದಣಿವಾರಿಸಿಕೊಳ್ಳಲು ಕೂರುವುದಾದರೆ ಇಂಥ ಕಡೆ ಕೂರಿ.

ನೆತ್ತಿಯ ಮೇಲೆ

ಮೇಲೆ ವೀರಭದ್ರನ ಗುಡಿ. ಪೂಜೆ ನಡೆಯುವ ಗುಡಿ, ಆದ್ದರಿಂದ ಚಪ್ಪಲಿ ಹೊರಗೆ. ಒಳ್ಳೆಯ ಚಿತ್ರ ಸಿಗುತ್ತದೆಂದು ಗುಡಿಯ ಮಾಳಿಗೆಯ ಮೇಲೆ ಹತ್ತಿ ಕೂರುವುದು ಇತ್ತೀಚೆಗೆ ರೂಢಿಯಾಗಿದೆ. ಅಂಚಿಗೆ ಏನೂ ಆಸರೆಯಿಲ್ಲದ ಶತಮಾನಗಳ ಹಳೆಯ ಚಪ್ಪಡಿ ಅದು. ನೆಲದ ಮೇಲೆ ನಿಂತರೂ ಸುತ್ತಲಿನದೆಲ್ಲ ಕಾಣುತ್ತದೆ.

ಪಶ್ಚಿಮಕ್ಕೆ ಒಂಬತ್ತು ಅಂತಸ್ತಿನ ವಿರೂಪಾಕ್ಷ ಗೋಪುರ, ಅದರ ಪಕ್ಕ ಹೇಮಕೂಟ. ಉತ್ತರಕ್ಕೆ ಕಾಲ ಬುಡದಲ್ಲೇ ಅಚ್ಯುತರಾಯ ದೇಗುಲ. 1534ರಲ್ಲಿ ಅಚ್ಯುತರಾಯನ ಮೈದುನ ಹಿರಿಯ ತಿರುಮಲರಾಜ ತಿರುವೆಂಗಳನಾಥನಿಗೆ ಕಟ್ಟಿಸಿದ್ದು. ನೆಲದ ಮೇಲೆ ನಡೆದಾಗ ಅರ್ಥವಾಗದ ಅದರ ಎರಡು ಸುತ್ತಿನ ಪ್ರಾಕಾರ, ಮುಂದಿನ ಉದ್ದನೆಯ ಬಜಾರು ಇಲ್ಲಿಂದ ನಕ್ಷೆ ಬಿಡಿಸಿಟ್ಟಂತೆ ಕಾಣುತ್ತವೆ. ಅದರಾಚೆ ತುಂಗಭದ್ರೆ, ಹೊಳೆಯಾಚೆ ಆನೆಗೊಂದಿಯ ಕಡೆ ಸುಣ್ಣದ ಗೆರೆ ಎಳೆದಂತೆ ಮೆಟ್ಟಿಲುಗಳಿರುವ ಅಂಜನಾದ್ರಿ. ಪೂರ್ವದಲ್ಲಿ ಮಾಲ್ಯವಂತ, ಅದರಾಚೆ ಕಂಪ್ಲಿಯ ಕಡೆಗೆ ಹರಡಿದ ಗದ್ದೆ ಬಯಲು. ದಕ್ಷಿಣಕ್ಕೆ ತಿರುಗಿದರೆ ಹಸಿರು ಕಣಿವೆ, ಅರಮನೆಯ ಆವರಣ, ಕಮಲಾಪುರದ ಕೆರೆ, ಗಾಳಿ ತಿಳಿಯಾಗಿದ್ದ ದಿನ ಬಹುದೂರದಲ್ಲಿ ಸಂಡೂರಿನ ಬೆಟ್ಟಸಾಲು.

ದಕ್ಷಿಣದ ಆ ಅರಮನೆ ಆವರಣದಲ್ಲಿ ರಾಮಚಂದ್ರ ದೇಗುಲವಿದೆ, ಜನರ ಬಾಯಲ್ಲಿ ಹಜಾರರಾಮ. ಅದರಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಅದು ಬಂದು ಮುಟ್ಟುವುದು ನೀವು ನಿಂತಿರುವ ಈ ನೆತ್ತಿಯನ್ನು. ವಿಜಯನಗರವನ್ನು ವರ್ಷಗಟ್ಟಲೆ ಅಳೆದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಶೆಲ್ ಇದನ್ನು ಗುರುತಿಸಿ ಬರೆದರು. ವಾಲಿ ದುಂದುಭಿಯನ್ನು ಕೊಂದು ಎಸೆದಾಗ ರಕ್ತದ ಹನಿಗಳು ಮತಂಗ ಮುನಿಯ ಆಶ್ರಮದ ಮೇಲೆ ಬಿದ್ದವು, ಮುನಿ ಶಪಿಸಿದ, ವಾಲಿ ಕಾಲಿಡಲಾಗದ ಆ ಜಾಗವೇ ಸುಗ್ರೀವನಿಗೆ ಆಸರೆಯಾಯಿತು ಎಂಬ ಕಥೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅಂಥ ಅಭಯದ ಬೆಟ್ಟದ ಗುರಿಗೆ ಅರಸರು ತಮ್ಮ ಊರಿನ ರಾಮದೇಗುಲವನ್ನು ಹೊಂದಿಸಿದ್ದು ಆಕಸ್ಮಿಕವಿರಲಾರದು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಕೂಡ ಊರು ಎಷ್ಟು ದೊಡ್ಡದೆಂದು ತಿಳಿಯಲು ಒಂದು ಗುಡ್ಡ ಹತ್ತಿದ. ಬೆಟ್ಟಗಳ ನಡುವೆ ಹಂಚಿಹೋದ ಊರು ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ರೋಮ್ ನಗರದಷ್ಟಿತ್ತು ಎಂದು ಬರೆದಿಟ್ಟ.

ಜೇನು, ಕೋತಿ, ಕರಡಿ

ಜನ ಚಿರತೆಗೆ ಹೆದರುತ್ತಾರೆ, ನಾನು ಹೆದರುವುದು ಹೆಜ್ಜೇನಿಗೆ. ದೊಡ್ಡ ಗುಂಡುಗಳ ಕೆಳಮೈಯಲ್ಲಿ, ಗೋಪುರಗಳ ಸಂದಿಯಲ್ಲಿ ಹುಟ್ಟು ಕಟ್ಟುತ್ತವೆ. ಬಂಡೆಯ ಚಾಚಿನ ಕೆಳಗೆ ಕಪ್ಪು ಪರದೆ ಇಳಿಬಿಟ್ಟಂತೆ ಕಂಡರೆ ಅದು ಹುಟ್ಟು. ಅಲ್ಲಿ ಕಲ್ಲು ಎಸೆಯುವುದು, ಹೊಗೆ ಮಾಡುವುದು, ಕೂಗಾಡುವುದು, ಸಿಗರೇಟು ಸೇದುವುದು ಬೇಡವೇ ಬೇಡ. ಘಾಟಾದ ಸೆಂಟನ್ನೂ ಆ ದಿನ ಬಿಡಿ. ಎದ್ದವೆಂದರೆ ಕೈ ಬೀಸದೆ, ಮುಖ ತಲೆಗೆ ಬಟ್ಟೆ ಮುಚ್ಚಿ, ಬಂದ ದಾರಿಯಲ್ಲೇ ದೂರ ಹೋಗಿ. ತೆರೆದ ಅಂಚಿನ ಕಡೆಗೆ ಓಡಬೇಡಿ. ಹತ್ತಾರು ಕಡೆ ಕಚ್ಚಿದರೆ, ಉಸಿರು ಕಟ್ಟಿದಂತಾದರೆ ತಡಮಾಡದೆ ಆಸ್ಪತ್ರೆಗೆ.

ಬಾಳೆಹಣ್ಣು ತೆಗೆದುಕೊಂಡು ಬೆಟ್ಟ ಹತ್ತಬೇಡಿ. ಸುತ್ತ ಬಾಳೆಯ ಸೀಮೆ ನಿಜ, ಆದರೆ ಕೋತಿಗಳಿಗೆ ಚೀಲದೊಳಗಿನ ವಾಸನೆಯೂ ಗೊತ್ತಾಗುತ್ತದೆ. ಅಂಚಿನಲ್ಲಿ ನಿಂತಾಗ ಅವು ಚೀಲಕ್ಕೆ ಎರಗಿದರೆ ನಾವು ಬೆಚ್ಚಿ ಹಿಂದಕ್ಕೆ ಹೆಜ್ಜೆ ಇಡುತ್ತೇವೆ, ಅಪಾಯ ಇರುವುದು ಆ ಹೆಜ್ಜೆಯಲ್ಲಿ. ಶೇಂಗಾ ಚಿಕ್ಕಿಯನ್ನೋ ಖರ್ಜೂರವನ್ನೋ ಬಿಗಿಯಾಗಿ ಮುಚ್ಚಿದ ಡಬ್ಬಿಯಲ್ಲಿ ಚೀಲದ ತಳಕ್ಕೆ ಹಾಕಿಕೊಳ್ಳಿ.

ಚಿರತೆ, ಕರಡಿ ಈ ಬಂಡೆಗಳ ಹಳೆಯ ಒಕ್ಕಲುಗಳು. 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಇಲ್ಲಿಂದ ದೂರವೇನಿಲ್ಲ. ಅವು ಓಡಾಡುವುದು ಮುಸ್ಸಂಜೆ, ರಾತ್ರಿ, ನಸುಕು. ಕತ್ತಲಲ್ಲಿ ಹತ್ತಬೇಡಿ ಎನ್ನುವುದಕ್ಕೆ ಇದು ಇನ್ನೊಂದು ಕಾರಣ. ನಸುಕಿನಲ್ಲಿ ಒಬ್ಬಂಟಿ ಪ್ರವಾಸಿಗರನ್ನು ಅಡ್ಡಗಟ್ಟಿ ದೋಚಿದ ಪ್ರಕರಣಗಳೂ ಹಿಂದೆ ಇಲ್ಲಿ ನಡೆದಿವೆ. ಮೂರು ನಾಲ್ಕು ಜನ ಸೇರಿ ಹೋಗಿ, ಎಲ್ಲಿಗೆ ಹೋಗುತ್ತೀರಿ, ಎಷ್ಟೊತ್ತಿಗೆ ವಾಪಸು ಎಂದು ಉಳಿದುಕೊಂಡ ಕಡೆ ಹೇಳಿ ಹೋಗಿ. ಬೆಳಕಾದ ಮೇಲೆ ಹೋದರೆ ಸಿಗುವ ಬಹುಮಾನವೂ ಇದೆ. ಬಂಡೆ ಸಂದಿನ ಪೊದೆಗಳಲ್ಲಿ ಹಳದಿ ಕತ್ತಿನ ಪಿಕಳಾರ ಕೂಗುತ್ತದೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಿ ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ಯಾವಾಗ, ಏನೇನು ಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಹಿತ. ಮಾರ್ಚ್ ದಾಟಿದರೆ ಬಳ್ಳಾರಿ ಸೀಮೆಯ ಬಿಸಿಲು, ಏಪ್ರಿಲ್–ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಹಂಚಿನಂತೆ ಕಾದ ಬಂಡೆ ಕೆಳಗಿನಿಂದಲೂ ಸುಡುತ್ತದೆ. ಆಗ ಬಂದವರು ಎಂಟರೊಳಗೆ ಇಳಿದಿರಬೇಕು. ಚಳಿಗಾಲದಲ್ಲಾದರೂ ಒಂಬತ್ತೂವರೆಗೆ ಮುಗಿಸುವುದು ಒಳ್ಳೆಯದು. ಅಶ್ವಿನಿ, ಭರಣಿ ಮಳೆಗಳ ದಿನಗಳಲ್ಲಿ ಮಧ್ಯಾಹ್ನದ ಮೇಲೆ ದಿಢೀರನೆ ಗುಡುಗು ಮಿಂಚು. ಬೋಳು ನೆತ್ತಿಯ ಮೇಲೆ ಸಿಡಿಲಿಗೆ ನಿಮಗಿಂತ ಎತ್ತರದ್ದು ಇನ್ನೊಂದಿರುವುದಿಲ್ಲ, ಗುಡುಗು ಕೇಳಿದ ಕೂಡಲೇ ಇಳಿಯಿರಿ. ಮುಂಗಾರಿನಲ್ಲಿ, ರಾತ್ರಿ ಮಳೆಯಾಗಿದ್ದರೆ ಬಂಡೆ ಪೂರ್ತಿ ಒಣಗುವ ತನಕ ಕಾಯಿರಿ.

ಒಬ್ಬೊಬ್ಬರಿಗೆ ಒಂದೂವರೆ ಲೀಟರ್ ನೀರು, ಮೇಲೆ ಎಲ್ಲೂ ಸಿಗುವುದಿಲ್ಲ. ನಿಂಬೆಹಣ್ಣು, ಚಿಟಿಕೆ ಉಪ್ಪು, ಸಕ್ಕರೆ. ಹಿಡಿತವಿರುವ ರಬ್ಬರ್ ಅಡಿಯ ಬೂಟು. ಹವಾಯಿ ಚಪ್ಪಲಿ, ನುಣುಪು ಚರ್ಮದ ಚಪ್ಪಲಿ ಬೇಡ. ಚೀಲ ಬೆನ್ನಿಗೆ ಇರಲಿ, ಎರಡೂ ಕೈ ಖಾಲಿ ಇರಲಿ. ಮೊಬೈಲನ್ನು ನಿಂತ ಮೇಲೆ ತೆಗೆಯಿರಿ, ನಡೆಯುತ್ತ ಚಿತ್ರ ತೆಗೆಯುವುದೇ ಇಲ್ಲಿ ದೊಡ್ಡ ಅಪಾಯ. ಹೊಸಪೇಟೆಯಿಂದ ಹಂಪಿಗೆ 13 ಕಿ.ಮೀ. ಬಸ್ಸುಗಳಿವೆ. ನಸುಕಿಗೆ ತಲುಪಬೇಕಾದರೆ ಹಿಂದಿನ ರಾತ್ರಿಯೇ ಆಟೋ ಮಾತಾಡಿಕೊಳ್ಳಿ, ಇಲ್ಲವೇ ಕಮಲಾಪುರದಲ್ಲಿ ಉಳಿಯಿರಿ. ಬೆಟ್ಟಕ್ಕೆ ಟಿಕೆಟ್ ಇಲ್ಲ. ಯಾರಿಗಾದರೂ ಪೆಟ್ಟಾದರೆ 108, ಪೊಲೀಸರಿಗೆ 112.

ಮೊಣಕಾಲು ನೋವಿನವರು ಬೇಸರಪಡಬೇಕಿಲ್ಲ. ಹೇಮಕೂಟದ ಹಾಸುಬಂಡೆ ಸೌಮ್ಯ ಇಳಿಜಾರು. ಮಾತಂಗಕ್ಕೆ ಹೋಗುವವರು ಹಿಂದಿನ ಸಂಜೆ ಅಲ್ಲಿ ನಡೆದು ತಮ್ಮ ಬೂಟನ್ನೂ ಧೈರ್ಯವನ್ನೂ ಪರೀಕ್ಷಿಸಿಕೊಳ್ಳಬಹುದು. ಕಮಲಾಪುರದಿಂದ ಕಂಪ್ಲಿಗೆ ಹೋಗುವ ರಸ್ತೆಯಲ್ಲಿ ಮಾಲ್ಯವಂತ ರಘುನಾಥನ ಗುಡಿಯವರೆಗೆ ವಾಹನ ಹೋಗುತ್ತದೆ. ಗುಡಿಯ ಹಿಂದಿನ ಬಂಡೆಯ ಸೀಳಿನ ಪಕ್ಕ ಸಾಲಾಗಿ ಕೆತ್ತಿದ ಲಿಂಗ, ನಂದಿಗಳನ್ನು ನೋಡದೆ ಬರಬೇಡಿ. ಅಂಜನಾದ್ರಿಗೆ 575 ಮೆಟ್ಟಿಲು, ದಣಿವಿದೆ, ದಾರಿ ತಪ್ಪುವ ಭಯವಿಲ್ಲ. ಹೊಳೆ ದಾಟಲು ಬುಕ್ಕಸಾಗರ–ಕಡೆಬಾಗಿಲು ಸೇತುವೆಯಿದೆ. ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ, ಆ ಕಡೆಯಿಂದ ಬರುವವರು ವಿಚಾರಿಸಿಕೊಂಡೇ ಹೊರಡಿ.

ಮಳೆಗಾಲದಲ್ಲಿ ಬೆಟ್ಟ ನೋಡಲೇಬೇಕೆಂದರೆ ಸಂಡೂರಿಗೆ ಹೋಗಿ. ಅಲ್ಲಿನದು ಗ್ರಾನೈಟ್ ಅಲ್ಲ, ಕಬ್ಬಿಣ–ಮ್ಯಾಂಗನೀಸಿನ ಅದಿರು ಹೊತ್ತ ಕೆಂಪು ಬೆಟ್ಟ. ಆಗಸ್ಟ್‌ನಿಂದ ಹಸಿರು ಉಕ್ಕುತ್ತದೆ, ನಾರಿಹಳ್ಳ ಬೆಟ್ಟಸಾಲನ್ನು ಕೊರೆದು ಹರಿಯುವ ಗಂಡಿಗಳು ತುಂಬಿಕೊಳ್ಳುತ್ತವೆ. ಕುಮಾರಸ್ವಾಮಿ ಗುಡಿಯವರೆಗೂ ರಸ್ತೆಯಿದೆ. ಕಾಡಿನೊಳಗೆ ನಡೆಯಲು ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ರಸ್ತೆಯಲ್ಲಿ ಅದಿರು ಲಾರಿಗಳಿಗೆ ದಾರಿ ಬಿಟ್ಟು ನಡೆಯಿರಿ.

ಕೊನೆಗೆ ಒಂದು ಬೇಡಿಕೆ. ಹಂಪಿಯಲ್ಲಿ ಕಲ್ಲಿನ ಮೇಲೆ ಕಲ್ಲಿಟ್ಟು ‘ನಮಗೂ ಒಂದು ಮನೆ ಆಗಲಿ’ ಎಂದು ಬೇಡಿಕೊಳ್ಳುವ ನಂಬಿಕೆ ಇದೆ. ಈಗ ಅದು ಚಿತ್ರ ತೆಗೆದುಕೊಳ್ಳುವ ಆಟವೂ ಆಗಿದೆ. ಪೇರಿಸಲು ಕಲ್ಲು ಬೇಕೆಂದು ಪಾವಟಿಗೆಗೆ ಕೊಟ್ಟ ಸಂದುಗಲ್ಲನ್ನು ಕಿತ್ತರೆ ಚಪ್ಪಡಿ ಅಲುಗಾಡುತ್ತದೆ, ಮರುದಿನ ಅದರ ಮೇಲೆ ಕಾಲಿಡುವವರು ಯಾರದೋ ಮನೆಯ ಅಜ್ಜಿಯಾಗಿರಬಹುದು. ಹರಕೆಯ ಕಲ್ಲನ್ನು ದಾರಿಯಿಂದ ದೂರ, ಸಮತಟ್ಟು ಜಾಗದಲ್ಲಿ ಇಡಿ. ಬಂಡೆಯ ಮೇಲೆ ಹೆಸರು ಗೀಚಬೇಡಿ, ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. 2019ರಲ್ಲಿ ಇಲ್ಲೇ ಕಂಬ ಕೆಡವಿದ ನಾಲ್ವರು ಯುವಕರು ತಲಾ 70 ಸಾವಿರ ರೂಪಾಯಿ ದಂಡ ತೆತ್ತು, ಅದೇ ಕಂಬವನ್ನು ಎತ್ತಿ ನಿಲ್ಲಿಸಬೇಕಾಯಿತು. ನೀರಿನ ಬಾಟಲಿಗಳನ್ನು ಚೀಲದಲ್ಲೇ ವಾಪಸು ತನ್ನಿ. ಬೆಟ್ಟದ ಮೇಲೆ ಕಸ ಒಯ್ಯುವ ಗಾಡಿ ಬರುವುದಿಲ್ಲ.